ಬಹುಭುಜಾಕೃತಿಯ ಕರ್ಣಗಳ ಸೂತ್ರದಲ್ಲಿ 2ರಿಂದ ಭಾಗಿಸುವುದು ಯಾಕೆ?

ಅಕ್ಕಪಕ್ಕದಲ್ಲಿಲ್ಲದ ಎರಡು ಮೂಲೆಗಳನ್ನು ಸೇರಿಸುವ ಗೆರೆಯೇ ಕರ್ಣ. ಒಂದು ಷಡ್ಭುಜ ಬರೆದು ಮೂಲೆಗಳಿಗೆ ಕ, ಖ, ಗ, ಘ, ಚ, ಛ ಅಂತ ಹೆಸರಿಡಿ. ಈಗ ‘ಕ’ ಮೂಲೆಯಲ್ಲಿ ಪೆನ್ಸಿಲ್ ಇಡಿ. ಅಕ್ಕಪಕ್ಕದ ಖ, ಛ ಜೊತೆ ಆಗಲೇ ಬಾಹು ಇದೆ. ತನ್ನಿಂದ ತನಗೇ ಗೆರೆ ಇಲ್ಲ. ಉಳಿದ 3 ಮೂಲೆಗೆ ಮಾತ್ರ ಕರ್ಣ. ಆರೂ ಮೂಲೆಯಲ್ಲಿ ಹೀಗೇ ಎಣಿಸಿದರೆ 6 × 3 = 18.

ಆದರೆ ‘ಕ’ ಮೂಲೆಯಿಂದ ‘ಘ’ ಮೂಲೆಗೆ ಎಳೆದ ಗೆರೆಯನ್ನೇ ‘ಘ’ ಹತ್ತಿರ ಬಂದಾಗ ಮತ್ತೆ ಎಣಿಸಿರುತ್ತೀರಿ, ಅಲ್ವಾ? ಗೆರೆಗೆ ಎರಡು ತುದಿ, ಹಾಗಾಗಿ ಎರಡು ಸಲ ಎಣಿಕೆ. ಅದಕ್ಕೇ 2ರಿಂದ ಭಾಗಿಸುವುದು. ನಿಜವಾದ ಕರ್ಣಗಳು 9. ಎನ್ ಬಾಹುಗಳಿದ್ದರೆ ಎನ್ × (ಎನ್ − 3) ÷ 2.

ನನಗೆ ಪಂಚಭುಜ ತುಂಬಾ ಇಷ್ಟ. ಬಾಹು 5, ಕರ್ಣವೂ 5. ಎರಡೂ ಸಮ ಇರುವುದು ಇದೊಂದರಲ್ಲೇ. ನಿಯಮಿತ ಪಂಚಭುಜದ ಐದೂ ಕರ್ಣ ಎಳೆದು ನೋಡಿ. ನಕ್ಷತ್ರ ಮೂಡುತ್ತದೆ, ಅದರ ನಡುವೆ ತಲೆಕೆಳಗಾದ ಪುಟ್ಟ ಪಂಚಭುಜ!