ಫುಟ್‌ಬಾಲ್ ಆಟಗಾರ ನೈಜೆಲ್ ಕ್ವಾಶಿ ಆಡಿದ ಪಂದ್ಯಗಳ ಲೆಕ್ಕ ಎರಡು ಕಡೆ ಎರಡು ಥರ ಯಾಕಿದೆ?

ಬಹುಶಃ ಒಂದು ಪಟ್ಟಿ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ನ ಪಂದ್ಯಗಳನ್ನು ಮಾತ್ರ ಎಣಿಸಿದೆ, ಇನ್ನೊಂದು ಎಲ್ಲ ಲೀಗ್ ಪಂದ್ಯಗಳನ್ನು. ಕ್ವಾಶಿಯಂಥ ಕ್ಲಬ್‌ನಿಂದ ಕ್ಲಬ್‌ಗೆ ಸುತ್ತಿದ ಮಿಡ್‌ಫೀಲ್ಡರ್ ವಿಷಯದಲ್ಲಿ ಈ ಎರಡರ ಅಂತರ ದೊಡ್ಡದೇ ಇರುತ್ತದೆ.

ತಾಳೆ ನೋಡಲು ಮೊದಲು ಪಟ್ಟಿಯಲ್ಲಿ ಸೀಸನ್‌ಗೆ ಒಂದು ಸಾಲು ಎನ್ನುವುದನ್ನು ಬಿಟ್ಟು, ಸೀಸನ್ ಮತ್ತು ಕ್ಲಬ್ ಎರಡೂ ಸೇರಿ ಒಂದು ಸಾಲು ಮಾಡಿ. ಎಡವಟ್ಟಾಗುವುದು ಜನವರಿ ವರ್ಗಾವಣೆಗಳಲ್ಲೇ. 2005ರ ಜನವರಿಯಲ್ಲಿ ಪೋರ್ಟ್ಸ್‌ಮತ್‌ನಿಂದ ಸೌತಾಂಪ್ಟನ್‌ಗೆ ಹೋದಾಗ ಎರಡೂ ಪ್ರೀಮಿಯರ್ ಲೀಗ್‌ನಲ್ಲಿದ್ದವು, ಹಾಗಾಗಿ ತೊಂದರೆಯಿಲ್ಲ. ಆದರೆ 2005-06ರಲ್ಲಿ ಸೌತಾಂಪ್ಟನ್ ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ಗೆ ಇಳಿದಿತ್ತು, ಅವರು ಜನವರಿಯಲ್ಲಿ ಸೇರಿದ ವೆಸ್ಟ್ ಬ್ರಾಮ್ ಪ್ರೀಮಿಯರ್ ಲೀಗ್‌ನಲ್ಲಿತ್ತು. ಮರುವರ್ಷವೂ ಅದೇ ಕಥೆ: ಬಿಟ್ಟ ವೆಸ್ಟ್ ಬ್ರಾಮ್ ಕೆಳಗೆ, ಜನವರಿಯಲ್ಲಿ ಸೇರಿದ ವೆಸ್ಟ್ ಹ್ಯಾಮ್ ಮೇಲೆ. ಈ ಎರಡು ಸೀಸನ್ ಒಡೆದು ಬರೆದರೆ ವ್ಯತ್ಯಾಸದ ಒಳ್ಳೇ ಪಾಲು ಅಲ್ಲೇ ಸಿಗಬೇಕು.

ಆಮೇಲೆ ಎರವಲು ಅವಧಿ. 2008-09ರಲ್ಲಿ ವೆಸ್ಟ್ ಹ್ಯಾಮ್‌ನಿಂದ ಎರವಲಾಗಿ ಬರ್ಮಿಂಗ್‌ಹ್ಯಾಮ್, ವುಲ್ವ್ಸ್ ಎರಡಕ್ಕೂ ಆಡಿದರು; ಆ ಪಂದ್ಯಗಳು ಚಾಂಪಿಯನ್‌ಶಿಪ್ ಲೆಕ್ಕಕ್ಕೆ, ವೆಸ್ಟ್ ಹ್ಯಾಮ್ ಸಾಲಿಗೆ ಅಲ್ಲ.

ಕೊನೆಗೆ ಬದಲಿ ಆಟಗಾರನಾಗಿ ಬಂದದ್ದು. 20(3) ಅಂತಿದ್ದರೆ ಕೆಲವರಿಗೆ ಅದು 20 ಆರಂಭ, 3 ಬದಲಿ, ಒಟ್ಟು 23. ಇನ್ನು ಕೆಲವರಿಗೆ ಒಟ್ಟೇ 20, ಅದರಲ್ಲಿ 3 ಬದಲಿ. ನಿಮ್ಮ ಪಟ್ಟಿಯದು ಯಾವುದು ಅಂತ ಇಲ್ಲಿಂದ ಹೇಳಲಾಗದು, ಅಡಿಟಿಪ್ಪಣಿ ನೋಡಿ. ಎಫ್‌ಎ ಕಪ್, ಲೀಗ್ ಕಪ್‌ಗೆ ಬೇರೆ ಕಾಲಂ ಇಡಿ. ಸ್ಕಾಟ್ಲೆಂಡ್ ಪರ ಆಡಿದ 14 ಪಂದ್ಯ ಕ್ಲಬ್ ಮೊತ್ತಕ್ಕೆ ಸೇರಿಸಲೇಬೇಡಿ.