ಡಾಕ್ಟರ್ ಕಾಲಿಗರಿ ಚಿತ್ರದ ಕೊನೆಯಲ್ಲಿ ಹುಚ್ಚ ಯಾರು?

ಪ್ರಶ್ನೆ: 1920ರ ಜರ್ಮನ್ ಮೂಕಿ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕಾಲಿಗರಿ’ ನೋಡಿದೆ. ಜಾತ್ರೆಗೆ ಬಂದ ಕಾಲಿಗರಿ, ನಿದ್ದೆಯಲ್ಲೇ ನಡೆಯುವ ಚೆಸಾರೆಯಿಂದ ಕೊಲೆ ಮಾಡಿಸುತ್ತಾನೆ. ಕೊನೆಗೆ ನೋಡಿದರೆ, ಕಥೆ ಹೇಳುತ್ತಿದ್ದ ಫ್ರಾನ್ಸಿಸ್ಸೇ ಮಾನಸಿಕ ಆಸ್ಪತ್ರೆಯ ರೋಗಿ, ಕಾಲಿಗರಿ ಅಲ್ಲಿನ ನಿರ್ದೇಶಕ. ಹಾಗಾದರೆ ಎಲ್ಲವೂ ಬರೀ ಭ್ರಮೆಯಾ? ನನಗೇಕೋ ಸಮಾಧಾನವಾಗಲಿಲ್ಲ.

ಉತ್ತರ: ಸಮಾಧಾನವಾಗದಿದ್ದುದು ಸರಿಯೇ. ‘ಎಲ್ಲ ಭ್ರಮೆ’ ಅಂತ ಕೈತೊಳೆದುಕೊಳ್ಳಲು ಈ ಚಿತ್ರ ಬಿಡುವುದಿಲ್ಲ. ಅದಕ್ಕೆ ಸಾಕ್ಷಿ ಗೋಡೆ, ನೆಲದ ಮೇಲೇ ಇದೆ.

ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಸೇರಿ ಮಾಡಿದ ಸೆಟ್‌ಗಳು ನಿಮಗೆ ನೆನಪಿರಬೇಕು. ವಾಲಿದ ಮನೆಗಳು, ಸೊಟ್ಟ ಕಿಟಕಿಗಳು, ಬಣ್ಣದಲ್ಲೇ ಬರೆದ ನೆರಳುಗಳು. ಇದೆಲ್ಲ ಹುಚ್ಚನ ಕಣ್ಣಿಗೆ ಕಂಡ ಜಗತ್ತು ಎಂದು ಹೇಳುವುದು ಸುಲಭ. ಆದರೆ ಫ್ರಾನ್ಸಿಸ್‌ನ ಕಥೆ ಮುಗಿದ ಮೇಲೆ ಲೋಕ ನೆಟ್ಟಗಾಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಆಸ್ಪತ್ರೆಯ ಅಂಗಳದ ನೆಲದಲ್ಲಿ ನಡುವಿನಿಂದ ಸುತ್ತಲೂ ಚಾಚಿದ ಪಟ್ಟೆಗಳಿವೆಯಲ್ಲ, ಅವು ಅವನ ಕಥೆಯಲ್ಲೂ ಇದ್ದವು, ಈಗಲೂ ಇವೆ. ಅವನ ಕಥೆಯಲ್ಲಿ ಕಾಲಿಗರಿಯನ್ನು ಕಟ್ಟಿಹಾಕಿದ ಕೋಣೆಗೇ ಈಗ ಅವನನ್ನು ಕಟ್ಟಿ ಒಯ್ಯುತ್ತಾರೆ. ಆ ಗೋಡೆಯ ಗೆರೆಗಳೂ ಹಾಗೇ ಇವೆ. ಇಲ್ಲಿ ಫ್ರಾನ್ಸಿಸ್ ಹೇಳುತ್ತಿಲ್ಲ, ಚಿತ್ರವೇ ತೋರಿಸುತ್ತಿದೆ.

ಇನ್ನೊಂದು ಸಂಗತಿ ನೋಡಿ. ಆಸ್ಪತ್ರೆಯ ನಿರ್ದೇಶಕ ಅಂಗಳಕ್ಕೆ ಬರುವಾಗ ಸೌಮ್ಯವಾಗಿಯೇ ಕಾಣುತ್ತಾನೆ. ಕೋಣೆಯಲ್ಲಿ ಫ್ರಾನ್ಸಿಸ್‌ನನ್ನು ಪರೀಕ್ಷಿಸಲು ಕನ್ನಡಕ ಹಾಕಿಕೊಳ್ಳುತ್ತಾನೆ. ತಕ್ಷಣ ಅದೇ ಕಾಲಿಗರಿ! ಕನ್ನಡಕ ತೆಗೆದರೆ ಮತ್ತೆ ಒಳ್ಳೆಯ ಡಾಕ್ಟರು. ನಟ ವರ್ನರ್ ಕ್ರಾಸ್ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆಂದರೆ, ಯಾವ ಮುಖ ನಿಜವೆಂದು ನಾವು ನಿರ್ಧರಿಸುವುದೇ ಕಷ್ಟ. ‘ಇವನ ಭ್ರಮೆ ಈಗ ಅರ್ಥವಾಯಿತು, ಗುಣಪಡಿಸುವ ದಾರಿಯೂ ಗೊತ್ತು’ ಎಂಬರ್ಥದ ಮಾತು ಆಡುತ್ತಾನೆ. ಯಾವ ದಾರಿ ಎಂದು ಮಾತ್ರ ಹೇಳುವುದಿಲ್ಲ.

ಈ ಕೊನೆಯ ಬಗ್ಗೆ ದೊಡ್ಡ ಜಗಳವೇ ಆಗಿದೆ. ಕಥೆ ಬರೆದವರು ಹಾನ್ಸ್ ಯಾನೋವಿಟ್ಸ್ ಮತ್ತು ಕಾರ್ಲ್ ಮೇಯರ್. ಯಾನೋವಿಟ್ಸ್ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದವರು. ಜನರನ್ನು ಕೊಲ್ಲಲು ಕಳಿಸುವ ಅಧಿಕಾರದ ಮೇಲಿನ ಸಿಟ್ಟು ಈ ಕಥೆಯಲ್ಲಿದೆ. ಫ್ರಾನ್ಸಿಸ್‌ನನ್ನು ರೋಗಿ ಮಾಡಿದ್ದರಿಂದ ಆ ಸಿಟ್ಟೇ ತಲೆಕೆಳಗಾಯಿತು, ಅಧಿಕಾರಿಯೇ ಸರಿ ಎಂದಾಯಿತು ಎಂದು ಚಿತ್ರ ವಿಮರ್ಶಕ ಜೀಗ್‌ಫ್ರೀಡ್ ಕ್ರಾಕೌವರ್ 1947ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ತುಂಬಾ ಜನ ಅದನ್ನೇ ಒಪ್ಪಿಕೊಂಡರು. ಆಮೇಲೆ ಮೂಲ ಚಿತ್ರಕಥೆಯ ಪ್ರತಿ ಸಿಕ್ಕಿತು. ಅದು ಕ್ರಾಸ್ ಬಳಿ ಉಳಿದಿತ್ತು. ಅದರಲ್ಲೂ ಫ್ರಾನ್ಸಿಸ್ ವರ್ಷಗಳಾದ ಮೇಲೆ ಹಳೆಯದನ್ನು ನೆನೆದು ಹೇಳುವ ಚೌಕಟ್ಟಿದೆ. ಆದರೆ ಅಲ್ಲಿ ಅವನು ತಾನು ಪ್ರೀತಿಸಿದ ಜೇನ್‌ಳನ್ನು ಮದುವೆಯಾಗಿ, ಗೆಳೆಯರ ನಡುವೆ ಆರಾಮವಾಗಿ ಕೂತಿರುತ್ತಾನೆ. ಅಂದರೆ ಆಸ್ಪತ್ರೆಯ ತಿರುವು ಬಂದದ್ದು ಆಮೇಲೆಯೇ.

ಹಾಗಂತ ಕ್ರಾಕೌವರ್ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬರೀ ಕಥಾಸಾರ ಓದಿದರೆ ಅವರು ಹೇಳಿದ್ದು ಸರಿ ಅನಿಸುತ್ತದೆ. ಪರದೆ ನೋಡಿದರೆ ಹಾಗಲ್ಲ. ನನ್ನ ಓದು ಹೀಗಿದೆ: ಫ್ರಾನ್ಸಿಸ್ ನಿಜಕ್ಕೂ ರೋಗಿಯೇ. ಚೆಸಾರೆ ಅಂಗಳದಲ್ಲಿ ಹೂ ಹಿಡಿದು ನಿಂತಿದ್ದಾನೆ, ಕೊಲೆಗಾರನ ಸುಳಿವೂ ಇಲ್ಲ. ಜೇನ್ ತನ್ನನ್ನು ರಾಣಿ ಎಂದುಕೊಂಡಿದ್ದಾಳೆ. ಆದರೆ ರೋಗಿಗೆ ಹೆದರಿಕೆ ಆಗುತ್ತಿದೆ ಎಂದಮಾತ್ರಕ್ಕೆ ಆ ಹೆದರಿಕೆ ಸುಳ್ಳಾಗಬೇಕಿಲ್ಲ. ಅವನು ಯಾರಿಗೆ ಹೆದರುತ್ತಾನೋ ಅವನ ಕೈಗೇ ಅವನನ್ನು ಒಪ್ಪಿಸುತ್ತಾರೆ. ಅವನ ಮಾತು ಇನ್ನು ಯಾರೂ ಕೇಳುವುದಿಲ್ಲ. ಮೊದಲು ಬರೆದ ಸುಖದ ಮುಕ್ತಾಯಕ್ಕಿಂತ ಇದೇ ಜಾಸ್ತಿ ಕಟುವಾಗಿದೆ.

ಇನ್ನೊಮ್ಮೆ ನೋಡುವುದಾದರೆ ಇಂಟರ್ನೆಟ್ಟಿನಲ್ಲಿ ಸಿಗುವ ಮಸುಕಾದ ಪ್ರತಿ ಬಿಡಿ. ಹಳೆಯ ಜರ್ಮನ್ ಚಿತ್ರಗಳನ್ನು ಕಾಪಾಡುವ ಮುರ್ನಾವ್ ಪ್ರತಿಷ್ಠಾನ 2014ರಲ್ಲಿ ಹೊರತಂದ, ಸರಿಪಡಿಸಿದ ಪ್ರತಿ ಹುಡುಕಿ. ಗೋಡೆಯ ಮೇಲೆ ಕುಂಚ ಆಡಿದ ಗುರುತೂ ಅದರಲ್ಲಿ ಕಾಣುತ್ತದೆ. ಅಂಗಳದ ನೆಲವನ್ನು ಎರಡೂ ಸಲ ನಿಲ್ಲಿಸಿ ನೋಡಿ.