ಕನ್ನಡವೊಂದೇ ಬರುತ್ತದೆ ಎಂದು ಕೇಳಿದ ತಂಗಿಗೆ

ತಂಗಿ,

ಮುಂದಿನ ತಿಂಗಳು ಗಂಡನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀಯ. "ಅಕ್ಕ, ನನಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಅಲ್ಲಿ ಬದುಕೋಕೆ ಆಗುತ್ತಾ?" ಅಂತ ಕೇಳಿದ್ದೀಯ. ಖಂಡಿತ ಆಗುತ್ತದೆ. ಹನ್ನೊಂದು ವರ್ಷದ ಹಿಂದೆ ಕಾರಟಗಿಯಿಂದ ನಾನೂ ಹಾಗೇ ಬಂದೆ. ಆದರೆ ಮೊದಲ ಎರಡು ವರ್ಷ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ.

ಆಗ ನನ್ನ ಮಾತೆಲ್ಲ ನಮ್ಮ ಯಜಮಾನರೇ ಆಡುತ್ತಿದ್ದರು. ಅಂಗಡಿ, ಬ್ಯಾಂಕು, ಮನೆ ಮಾಲೀಕರು, ಎಲ್ಲ ಕಡೆ. ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಒಮ್ಮೆ ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಹೋದೆವು. ಊಟವಾಗಿ ಒಂದು ಗಂಟೆಗೆ ಬಲಪಕ್ಕೆಯ ಕೆಳಗೆ ಚಳುಕು ಬರುತ್ತದೆ, ಅಲ್ಲಿಂದ ಬೆನ್ನಿಗೆ ಹೋಗುತ್ತದೆ, ರಾತ್ರಿ ಜಾಸ್ತಿ ಅಂತ ನಾನು ಬಿಡಿಸಿ ಹೇಳಿದೆ. ಇವರು ಡಾಕ್ಟರಿಗೆ ಹೇಳಿದ್ದು 'ಹೊಟ್ಟೆನೋವಂತೆ' ಅಂತ ಅಷ್ಟೇ. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ. ಇವರ ತಪ್ಪು ಅಂತ ನಾನು ಹೇಳುವುದಿಲ್ಲ. ಚಳುಕು ಅನ್ನುವುದಕ್ಕೆ ಜರ್ಮನ್ ಪದ ಇವರಿಗೂ ಗೊತ್ತಿರಲಿಲ್ಲ. 'ಷ್ಟೆಶೆಂಟ್' ಅಂತಾರೆ. ಆ ಪದವನ್ನು ನಾನು ಸಾಯೋವರೆಗೂ ಮರೆಯಲ್ಲ.

ಅದಾದ ಮೇಲೆ, ಹೊರಗಿನಿಂದ ಬಂದವರಿಗೆ ಇಲ್ಲಿನ ಭಾಷೆ, ಬದುಕು ಕಲಿಸುವ ಇಂಟಿಗ್ರೇಷನ್ ಕೋರ್ಸಿಗೆ ಸೇರಿದೆ. 600 ಗಂಟೆ ಭಾಷೆ, 100 ಗಂಟೆ ಇಲ್ಲಿನ ಕಾನೂನು, ಇತಿಹಾಸ. ನಿನ್ನ ಗಂಡ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದವರಿಗೆ ಕೊಡುವ ಕೆಲಸದ ಪರವಾನಗಿ, ಅದರ ಮೇಲೆ ಬರುತ್ತಿದ್ದರೆ ನಿನ್ನ ವೀಸಾಗೆ ಎ1, ಅಂದರೆ ಜರ್ಮನ್‌ನ ಮೊದಲ ಹಂತದ ಪರೀಕ್ಷೆ, ಕೇಳುವುದಿಲ್ಲ. ಕೇಳದಿದ್ದರೂ ಕಲಿಯಲು ಶುರು ಮಾಡು.

ಇಲ್ಲೊಂದು ಮಾತು ಹೇಳಬೇಕು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ನೀರು ಬಂದ ಮೇಲೆ, ನಮ್ಮ ಕಡೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರಲ್ವಾ. ಹಾಗೊಂದು ಕ್ಯಾಂಪಿನ ಅಜ್ಜಿ ನಮ್ಮ ಮನೆಗೆ ಮೊಸರು ತರುತ್ತಿದ್ದರು. "ನಿಮ್ಮ ಅವ್ವ ಬಂತಾ?" ಅಂತ ಕೇಳುತ್ತಿದ್ದರು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ, ಅದಕ್ಕೇ ಹಾಗೆ ಅನ್ನುತ್ತಿದ್ದರು ಅಂತ ನನಗೆ ತಿಳಿದಿದ್ದು ಇಲ್ಲಿಗೆ ಬಂದ ಮೇಲೆ. ಜರ್ಮನ್‌ನಲ್ಲಿ ಹುಡುಗಿ ಅನ್ನುವ ಪದ ನಪುಂಸಕ! 'ದಾಸ್ ಮೇಡ್ಶೆನ್'. ನಾನು ಹೆಣ್ಣುಪದಕ್ಕೆ ಹಾಕುವ 'ದೀ' ಸೇರಿಸಿ ಅಂದಾಗ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅವತ್ತು ಆ ಅಜ್ಜಿ ನೆನಪಾಗಿ ಕಣ್ಣು ತುಂಬಿತು. ಅವರು ನಮ್ಮ ಭಾಷೆ ಕಲಿತರು. ಅವರ ಒಂದು ಮಾತನ್ನೂ ನಾನು ಕಲಿಯಲಿಲ್ಲ, ಕಲಿಯುವ ಅಗತ್ಯವೇ ಇರಲಿಲ್ಲ. ಈಗ ಆ ಅಜ್ಜಿಯ ಜಾಗದಲ್ಲಿ ನಾನಿದ್ದೇನೆ, ಇನ್ನು ನೀನೂ ಇರುತ್ತೀಯ.

ಕನ್ನಡ ಒಂದೇ ಬರುತ್ತದೆ ಅಂತ ಸಣ್ಣಗಾಗಬೇಡ. ಇಲ್ಲಿ 'ಜೀ' ಮತ್ತು 'ದೂ' ಅಂತ ಇದೆ, ನಮ್ಮ ನೀವು, ನೀನು ಇದ್ದ ಹಾಗೆ. ಯಾರಿಗೆ ಯಾವುದು ಅನ್ನುವುದು ಇಂಗ್ಲಿಷಿನವರಿಗಿಂತ ನಮಗೆ ಬೇಗ ಹತ್ತುತ್ತದೆ. 'ವೈಲ್', ಅಂದರೆ ಯಾಕೆಂದರೆ, ಬಂದರೆ ಕ್ರಿಯಾಪದ ನಮ್ಮಂತೆ ಕೊನೆಗೆ ಹೋಗುತ್ತದೆ. ನನ್ನ ಕ್ಲಾಸಿನಲ್ಲಿ ಎಷ್ಟೋ ಜನ ಅಲ್ಲೇ ಎಡವಿದರು. ನನಗೆ ಅದು ಸುಲಭವಾಯಿತು. ಸಂಖ್ಯೆ ಮಾತ್ರ ಕಷ್ಟ. ಇಪ್ಪತ್ತೊಂದಕ್ಕೆ 'ಒಂದು ಮತ್ತು ಇಪ್ಪತ್ತು' ಅಂತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಹುಷಾರು.

ಇನ್ನೊಂದು, ಪುಸ್ತಕದ ಜರ್ಮನ್ ಬೇರೆ, ಇಲ್ಲಿನ ಬೀದಿಯ ಆಡುಮಾತು ಶ್ವೇಬಿಷ್ ಬೇರೆ. ಪುಸ್ತಕದಲ್ಲಿ ಬನ್ನಿಗೆ 'ಬ್ರೋಟ್ಶೆನ್', ಬೇಕರಿಯಲ್ಲಿ 'ವೆಕ್ಲೆ'. ಪುಸ್ತಕದ ಕನ್ನಡಕ್ಕೂ ನಮ್ಮ ಸಂತೆಯ ಕನ್ನಡಕ್ಕೂ ಎಷ್ಟು ದೂರ ಅಂತ ನಿನಗೆ ಗೊತ್ತೇ ಇದೆ. ಗಾಬರಿಯಾಗಬೇಡ.

ಮನೆಯಲ್ಲಿ ಕನ್ನಡವನ್ನೇ ಆಡು. ಮಕ್ಕಳಾದರೆ ಅವರ ಜೊತೆಗೂ ಅಷ್ಟೇ. ಡಾಕ್ಟರ ಹತ್ತಿರ ಹೋಗುವಾಗ ಎಲ್ಲಿ ನೋವು, ಯಾವಾಗ, ಎಂಥ ನೋವು ಅಂತ ಜರ್ಮನ್‌ನಲ್ಲಿ ಬರೆಸಿ ಚೀಟಿ ಇಟ್ಟುಕೊಂಡಿರು. ತುರ್ತಿಗೆ 112.

ಬಂದ ವಾರವೇ ಫೋನ್ ಮಾಡು. ಮೊದಲ ಸಲ ಬೇಕರಿಗೆ ನಿನ್ನ ಜೊತೆ ನಾನು ಬರುತ್ತೇನೆ. ಒಳಗೆ ನೀನೊಬ್ಬಳೇ ಹೋಗಿ ಎರಡು ವೆಕ್ಲೆ ಕೇಳು. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ.